ಇಳಿಬಿದ್ದ ದಾರ

ಫೆಬ್ರವರಿ 4

ಅಕ್ಕ,

ಹೇಗಿದ್ದೀಯ ಅಂತ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆ ಒಡೆದುಹೋಗುತ್ತದೆ. ನನಗೆ ಟ್ಯೂನಿಂಗ್ ಮೇಜು ಸಿಕ್ಕಿತು! ನಾಲ್ಕು ವರ್ಷ ಬೆಸುಗೆ ಹಾಕಿ ಬೆರಳ ತುದಿ ಸುಟ್ಟುಕೊಂಡದ್ದು ಸಾರ್ಥಕವಾಯಿತು. ಕಳೆದ ಸೋಮವಾರ ನಮ್ಮ ಕಾರ್ಖಾನೆಯ ಮೇಸ್ತ್ರಿ ಕರೆದು, "ನಾಳೆಯಿಂದ ಕಿಟಕಿ ಪಕ್ಕದ ಮೇಜಲ್ಲಿ ಕೂತ್ಕೋಪ್ಪ, ಕೂರೋಕೆ ಬರೋದಾದ್ರೆ" ಅಂದರು. ನೀನು ನನಗಿಟ್ಟ 'ಪಾದರಸ' ಅನ್ನುವ ಹೆಸರು ಇಷ್ಟು ದೂರ ಹೇಗೆ ಬಂತೋ ಗೊತ್ತಿಲ್ಲ.

ನಾನು ಮಾಡುವುದೇನು ಅಂತ ನೀನು ಪ್ರತಿ ಸಲ ಕೇಳುತ್ತೀಯ, ಪ್ರತಿ ಸಲ ಮರೆಯುತ್ತೀಯ. ಇನ್ನೊಮ್ಮೆ ಕೇಳು. ಭಾವ ಕಟ್ಟುತ್ತಿರುವಂಥ ಮಾದರಿ ವಿಮಾನದ ಹೊಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ಡಬ್ಬಿ ಇರುತ್ತದೆ, ಅದೇ ರಿಸೀವರ್. ನೆಲದ ಮೇಲೆ ನಿಂತವರು ಟ್ರಾನ್ಸ್‌ಮಿಟರ್ ಹಿಡಿದು 'ಎಡಕ್ಕೆ' ಅಂದರೆ ಅದನ್ನು ಕೇಳಿಸಿಕೊಂಡು ಬಾಲದ ಚುಕ್ಕಾಣಿಗೆ ಹೇಳುವುದು ಅದರ ಕೆಲಸ. ಕೇಳಿಸಿಕೊಳ್ಳಲು ಅದಕ್ಕೊಂದು ಆಂಟೆನಾ. ಒಳಗೆ ಒಂದು ತಾಮ್ರದ ಸುರುಳಿ, ಸುರುಳಿಯ ನಡುವೆ ಸಾಸಿವೆ ಗಾತ್ರದ ತಿರುಪು. ಹೊರಗಿನ ಆಂಟೆನಾಕ್ಕೂ ಒಳಗಿನ ಸುರುಳಿಗೂ ತಾಳೆ ಕೂಡಿಸುವವನು ನಾನು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮೀಟರಿನ ಸೂಜಿ ಏರುತ್ತದೆ. ಇನ್ನೇನು ಇಳಿಯಬೇಕು ಅನ್ನುವಾಗ ಕೈ ತಡೆಯಬೇಕು. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ತಂದರೂ ಸೂಜಿ ಕೆಡುತ್ತದೆ, ಅದಕ್ಕೇ ಪ್ಲಾಸ್ಟಿಕ್ ಕಡ್ಡಿ. ನಿನ್ನದೂ ಸೂಜಿಯ ಕೆಲಸ, ಈಗ ನನ್ನದೂ ಸೂಜಿಯ ಕೆಲಸ.

ಈ ಮೇಜಿನಲ್ಲಿ ನಾನು ಮುಗಿಸಿದ ಮೊಟ್ಟಮೊದಲ ರಿಸೀವರನ್ನು ಭಾವನಿಗೆ ಕಳಿಸುತ್ತಿದ್ದೇನೆ. ಮುಚ್ಚಳದ ಒಳಗೆ ಹಸಿರು ಚುಕ್ಕೆ ಇದೆ, ಅದು ನನ್ನ ಗುರುತು. ಇಲ್ಲಿ ಪ್ರತಿಯೊಬ್ಬ ಟ್ಯೂನರಿಗೂ ಒಂದೊಂದು ಬಣ್ಣ. ಡಬ್ಬಿಯ ಜೊತೆ ಭಾವನಿಗೆ ಒಂದು ಚೀಟಿ ಇಟ್ಟಿದ್ದೇನೆ, ಅವರ ಕೈಗೆ ಕೊಡು. ನೀನು ಓದಬೇಕಾಗಿಲ್ಲ, ಬರೀ ನಮ್ಮ ಕಸುಬಿನ ರಗಳೆ.

ಹಾರಿಸಿದ ದಿನವೇ ಬರೆಯಬೇಕು. ಮಾರನೇ ದಿನವಲ್ಲ.

ನಿನ್ನ ಪಾದರಸ

&nbsp;

ಫೆಬ್ರವರಿ 19

ತಮ್ಮ,

ಪಾರ್ಸೆಲ್ ಬಂತು. ನಿನ್ನ ಭಾವ ಬಸ್ಸಿನ ಯೂನಿಫಾರ್ಮನ್ನೂ ಬಿಚ್ಚದೆ ಡಬ್ಬಿ ಬಿಚ್ಚಿದರು. ಹಸಿರು ಚುಕ್ಕೆ ತೋರಿಸಿ, "ನೋಡು, ನಿನ್ನ ತಮ್ಮ ದೊಡ್ಡ ಮನುಷ್ಯ ಆದ" ಅಂದರು. ಇಪ್ಪತ್ತು ವರ್ಷ ಬಸ್ಸು ಓಡಿಸಿ ಒಂದು ಗೀರು ಬೀಳಿಸದ ಮನುಷ್ಯ, ಇನ್ನೊಬ್ಬರನ್ನು ಹೊಗಳುವುದು ವರ್ಷಕ್ಕೊಂದು ಸಲ. ಈ ವರ್ಷದ್ದು ನಿನಗೆ ಹೋಯಿತು.

ನನ್ನ ಹೊಲಿಗೆ ಮೇಜು ಈಗ ವಿಮಾನ ನಿಲ್ದಾಣ. ಸೊಂಟದ ಅಳತೆ ಕೊಡಲು ಬಂದ ಹೆಂಗಸರು ರೆಕ್ಕೆ ದಾಟಿ ಒಳಗೆ ಬರಬೇಕು. ಆದರೆ ಒಂದು ಮಾತು ಹೇಳಲೇಬೇಕು: ರೆಕ್ಕೆಗೆ ರೇಷ್ಮೆ ಹೊದಿಸಿ ಹೊಲಿದವಳು ನಾನು. ಅವರು ಅಂಟಿಸುತ್ತೇನೆ ಅಂತ ಹೊರಟಿದ್ದರು, ಸುಕ್ಕು ನೋಡಿ ನನಗೆ ತಡೆಯಲಾಗಲಿಲ್ಲ. ಎರಡು ರೆಕ್ಕೆ, ಬಾಲದ ಪಟ್ಟಿ, ಎಲ್ಲ ಕಪ್ಪು ದಾರದಲ್ಲಿ, ಹೊಲಿಗೆ ಒಂದೂ ಕಾಣದ ಹಾಗೆ. ಅದರ ಮೇಲೆ ಮೂಗು ಮುಚ್ಚಿಕೊಳ್ಳುವಂಥ ಬಣ್ಣ ಬಳಿದು ಮೂರು ದಿನ ಒಣಗಿಸಿದರು. ಮೂರು ದಿನ ಮನೆಯಲ್ಲಿ ಎಲ್ಲರಿಗೂ ತಲೆನೋವು.

ನೆನ್ನೆ ಎಲ್ಲ ಮುಗಿಯಿತು. ನಿನ್ನ ಭಾವನ ಕೆಲಸ ನಿನಗೆ ಗೊತ್ತಲ್ಲ, ಕೊನೆಯ ಅಚ್ಚುಕಟ್ಟು ಅನ್ನುವುದೇ ಇಲ್ಲ. ಅವರು ಡ್ಯೂಟಿಗೆ ಹೋದ ಮೇಲೆ ನಾನೇ ಒಂದು ಸುತ್ತು ನೋಡಿ, ಅಲ್ಲಿ ಇಲ್ಲಿ ಇಳಿಬಿದ್ದಿದ್ದ ದಾರವನ್ನೆಲ್ಲ ಕತ್ತರಿಸಿ ಚೊಕ್ಕ ಮಾಡಿಟ್ಟೆ. ನನ್ನ ಕೈಯಿಂದ ಹೊರಗೆ ಹೋಗುವ ಯಾವುದರಲ್ಲೂ ದಾರ ನೇತಾಡಬಾರದು, ಅದು ಅಂಗಿಯಾಗಲಿ, ವಿಮಾನವಾಗಲಿ.

ಬರುವ ಭಾನುವಾರ ಮೈದಾನದಲ್ಲಿ ಹಾರಿಸುತ್ತಾರಂತೆ. ನಿನ್ನ ಹೊಸ ಮೇಜಿಗೆ ಒಂದು ಸೂಜಿದಿಂಬು ಹೊಲಿದು ಕಳಿಸಿದ್ದೇನೆ, ನಿನ್ನ ಪ್ಲಾಸ್ಟಿಕ್ ಕಡ್ಡಿಗಳನ್ನು ಚುಚ್ಚಿಡು. ಹೊಟ್ಟೆಗೆ ತುಂಬಿರುವುದು ಈ ವಾರದ ದಾರದ ಚೂರುಗಳೇ, ನಿನ್ನ ಭಾವನ ವಿಮಾನದ್ದೂ ಸೇರಿ.

ಕೂತು ಕೆಲಸ ಮಾಡುವುದನ್ನು ಕಲಿ.

ಅಕ್ಕ

&nbsp;

ಫೆಬ್ರವರಿ 27

ಅಕ್ಕ,

ಭಾನುವಾರ ಹೋಗಿ ಮಂಗಳವಾರ ಬಂತು. ಹಾರಿತಾ? ಚೀಟಿಯಲ್ಲಿ ಬರೆದಿದ್ದ ಹೆಜ್ಜೆ ಪರೀಕ್ಷೆಯನ್ನು ಭಾವ ಮಾಡಿದರಾ? ಎಷ್ಟು ಎತ್ತರ ಹೋಯಿತು? ಇಳಿಸುವಾಗ ಮೆತ್ತಗೆ ಇಳಿಯಿತಾ?

ಸೂಜಿದಿಂಬು ಬಂತು, ಮೇಜಿನ ಮೇಲೆ ಕಿಟಕಿಯ ಕಡೆ ಇಟ್ಟಿದ್ದೇನೆ. ಮೇಸ್ತ್ರಿ ಅದನ್ನು ನೋಡಿ, "ನಿಮ್ಮಕ್ಕನ ಕೈ ಚೆನ್ನಾಗಿದೆ" ಅಂದರು. ನನ್ನ ಕೈಯ ಬಗ್ಗೆ ಏನೂ ಅನ್ನಲಿಲ್ಲ. ಟಪಾಲಿನವನನ್ನು ಕಂಡರೆ ಬಾಗಿಲಿಗೆ ಓಡುತ್ತೇನೆ. ಬೇಗ ಬರೆ.

&nbsp;

ಮಾರ್ಚ್ 2

ತಮ್ಮ,

ಬರೆಯಲು ತಡವಾಯಿತು. ಕೂತಾಗಲೆಲ್ಲ ಎದ್ದು ಹೋದೆ.

ವಿಮಾನ ಹೋಯಿತು. ಮೊದಲ ಮೂರು ಸುತ್ತು ಎಷ್ಟು ಚೆನ್ನಾಗಿ ಹಾರಿತು ಅಂದರೆ, ನನ್ನ ಹೊಲಿಗೆಯ ರೆಕ್ಕೆ ಬಿಸಿಲಿಗೆ ಹೊಳೆಯುವುದನ್ನು ನೋಡಿ ನಾನು ಪಕ್ಕದವರ ಕೈ ಹಿಡಿದುಬಿಟ್ಟಿದ್ದೆ. ನಾಲ್ಕನೇ ಸುತ್ತಿಗೆ ಮೈದಾನದ ಆಚೆ ಕೊನೆಗೆ ಹೋದದ್ದು ಮಾತು ಕೇಳುವುದನ್ನೇ ಬಿಟ್ಟಿತು. ನಿನ್ನ ಭಾವ ಟ್ರಾನ್ಸ್‌ಮಿಟರಿನ ಹಿಡಿಗಳನ್ನು ಒತ್ತುತ್ತಾ, "ತಿರುಗು, ತಿರುಗೇ ಮಾರಾಯ್ತಿ" ಅಂತ ಜೀವವಿರುವ ಪ್ರಾಣಿಗೆ ಹೇಳುವ ಹಾಗೆ ಹೇಳುತ್ತಿದ್ದರು. ಅದು ತನ್ನ ಪಾಡಿಗೆ ತಾನು ಓರೆಯಾಗಿ ಬಂತು. ಸಾಲಾಗಿ ಕುರ್ಚಿ ಹಾಕಿ ಕೂತಿದ್ದವರ ತಲೆಯ ಮೇಲೆ ಒಂದು ಮೊಳ ಅಂತರದಲ್ಲಿ ಹಾದು, ನೀರಿನ ತೊಟ್ಟಿಯ ಸಿಮೆಂಟ್ ಗೋಡೆಗೆ ಬಡಿಯಿತು. ಯಾರಿಗೂ ಏನೂ ಆಗಲಿಲ್ಲ. ಒಬ್ಬ ಮುದುಕರು ಮಾತ್ರ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದು, ಎದ್ದು, ನಿನ್ನ ಭಾವನಿಗೆ ಬಾಯಿಗೆ ಬಂದ ಹಾಗೆ ಬೈದರು.

ಎರಡು ಚಳಿಗಾಲದ ಕೆಲಸ, ಒಂದು ಗೋಣಿಚೀಲದಲ್ಲಿ ಮನೆಗೆ ಬಂತು. ಆ ದಿನ ಅವರು ಊಟ ಮಾಡಲಿಲ್ಲ. ಮಾರನೇ ದಿನ ಬೂಟು ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು: "ನಿನ್ನ ತಮ್ಮ ಕಳಿಸಿದ್ದು ಕಿವುಡು ಡಬ್ಬಿ ಕಣೆ." ನಾನು ಸುಮ್ಮನಿರಲಿಲ್ಲ. ನಾಲ್ಕು ಮಾತು ಅಂದೆ, ಎಂಟು ಕೇಳಿಸಿಕೊಂಡೆ.

ನಿನಗೆ ಹೇಳಲೇಬೇಕಾದ ಇನ್ನೊಂದು ವಿಷಯ. ಅವರ ಹಾರಾಟದ ಗುಂಪಿನ ಕಾರ್ಯದರ್ಶಿ ಡಬ್ಬಿಯ ಮೇಲಿನ ನಂಬರು ಬರೆದುಕೊಂಡು ಹೋಗಿದ್ದಾರೆ. ನಿಮ್ಮ ಕಾರ್ಖಾನೆಗೆ ದೂರು ಕೊಡುತ್ತಾರಂತೆ. ಬೇಡ ಅಂತ ನಿನ್ನ ಭಾವ ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೆ ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ.

ಅಕ್ಕ

&nbsp;

ಮಾರ್ಚ್ 8

ಅಕ್ಕ,

ನಿನ್ನ ಪತ್ರವೂ ದೂರೂ ಒಂದೇ ದಿನ ಬಂದವು. ಮೇಸ್ತ್ರಿ ದೂರಿನ ಕಾಗದವನ್ನು ನನ್ನ ಮುಂದಿಟ್ಟು, "ಹಸಿರು ಚುಕ್ಕೆ. ನಿಂದೇ ಅಲ್ವಾ?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರ ಮಾತು ಇಷ್ಟು: ತಲೆಯ ಮೇಲೆ ಹಾರುವ ವಸ್ತು ಕೇಳಿಸಿಕೊಳ್ಳದಿದ್ದರೆ ಯಾರದೋ ತಲೆ ಹೋಗುತ್ತದೆ. ಈ ತಿಂಗಳ ಕೊನೆಯೊಳಗೆ ಏನು ತಪ್ಪಾಯಿತು ಅಂತ ನಾನು ತೋರಿಸಬೇಕು. ತೋರಿಸಲಾಗದಿದ್ದರೆ ಮೇಜು ಬಿಟ್ಟು ಪ್ಯಾಕಿಂಗ್ ವಿಭಾಗಕ್ಕೆ ಹೋಗಬೇಕು. ಅಲ್ಲಿಂದ ಯಾರೂ ಈ ಕಡೆ ವಾಪಸ್ ಬಂದದ್ದಿಲ್ಲ.

ಅಕ್ಕ, ಈಗ ನೀನು ನನಗೊಂದು ಉಪಕಾರ ಮಾಡಬೇಕು. ಭಾವನನ್ನು ಕೇಳುವ ಧೈರ್ಯ ನನಗಿಲ್ಲ. ಗೋಣಿಚೀಲ ಬಿಚ್ಚಿ ಆ ಡಬ್ಬಿ ತೆಗೆ. ಅದರಿಂದ ಕಪ್ಪು ಬಣ್ಣದ ತೆಳುವಾದ ತಂತಿಯೊಂದು ಹೊರಗೆ ಬಂದಿರುತ್ತದೆ, ದಾರದಷ್ಟೇ ಮೆತ್ತಗೆ ಇರುತ್ತದೆ. ಅದೇ ಆಂಟೆನಾ. ವಿಮಾನದ ಒಳಗಿಂದ ಹಾದು, ಉಳಿದದ್ದು ಬಾಲದ ಹಿಂದೆ ಇಳಿಬಿದ್ದಿರಬೇಕು ಅಂತ ಭಾವನ ಚೀಟಿಯಲ್ಲಿ ಬರೆದಿದ್ದೆ. ಅದನ್ನು ನೇರ ಮಾಡಿ, ನಿನ್ನ ಟೇಪಿನಲ್ಲಿ ಅಳೆದು ಬರೆ. ಸರಿಯಾಗಿ ಒಂದು ಮೀಟರ್ ಇರಬೇಕು. ನಾನು ಸುರುಳಿಯನ್ನು ಒಂದು ಮೀಟರಿಗೆ ಅಂತ ಟ್ಯೂನ್ ಮಾಡಿದ್ದೇನೆ. ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಹತ್ತಿರ ಇರುವಾಗ ಕೇಳಿಸುತ್ತದೆ, ದೂರ ಹೋದರೆ ಕೇಳಿಸುವುದಿಲ್ಲ. ಭಾವನ ವಿಮಾನ ಮಾಡಿದ್ದು ಅದನ್ನೇ.

ತಂತಿ ಕಡಿಮೆ ಇದ್ದರೆ ತಪ್ಪು ಟ್ಯೂನಿಂಗಿನದಲ್ಲ. ಒಂದು ಮೀಟರ್ ಇದ್ದರೆ ತಪ್ಪು ನನ್ನ ಕೈಯದು. ಮೂರನೇ ದಾರಿ ಇಲ್ಲ.

ಹಾರಿಸುವ ಮುಂಚೆ ಟ್ರಾನ್ಸ್‌ಮಿಟರಿನ ಆಂಟೆನಾ ಕಡ್ಡಿಯನ್ನು ಒಳಕ್ಕೆ ತಳ್ಳಿ, ಮೂವತ್ತು ಹೆಜ್ಜೆ ದೂರ ನಡೆದು ಚುಕ್ಕಾಣಿ ಅಲ್ಲಾಡಿಸಿ ನೋಡಬೇಕು, ಅಲ್ಲಿಯವರೆಗೂ ಅದು ನಡುಗದೆ ಮಾತು ಕೇಳಬೇಕು. ಭಾವ ಆ ಹೆಜ್ಜೆ ಪರೀಕ್ಷೆ ಮಾಡಿದರಾ, ಅದನ್ನೂ ಕೇಳು.

ನಾನಂತೂ ದಾರಿಯಲ್ಲಿ ಹೋಗುವಾಗಲೂ ಹೆಜ್ಜೆ ಎಣಿಸುತ್ತಿದ್ದೇನೆ. ಮನೆಯಿಂದ ಬಸ್ ನಿಲ್ದಾಣಕ್ಕೆ ನಾನೂರ ಹನ್ನೆರಡು.

ತಮ್ಮ

&nbsp;

ಮಾರ್ಚ್ 15

ತಮ್ಮ,

ಅಳೆದೆ. ಒಂದು ಮೀಟರ್ ಇದೆ.

ಹೆಜ್ಜೆ ಪರೀಕ್ಷೆ ಮಾಡಿದೆ ಅಂತ ನಿನ್ನ ಭಾವ ಹೇಳುತ್ತಾರೆ.

ಶಾಲೆಯ ಸಮವಸ್ತ್ರದ ಕೆಲಸ ಕೈತುಂಬ ಇದೆ. ಹೆಚ್ಚು ಬರೆಯಲು ಆಗುವುದಿಲ್ಲ. ಆರೋಗ್ಯ ನೋಡಿಕೋ.

ಅಕ್ಕ

&nbsp;

ಮಾರ್ಚ್ 20

ಅಕ್ಕ,

ಕಾಗದದ ಎರಡೂ ಕಡೆ ತುಂಬಿಸಿ, ಅಂಚಿನಲ್ಲೂ ಅಡ್ಡಡ್ಡ ಬರೆಯುವವಳು ನೀನು. ಈ ಸಲ ಬರೀ ಐದಾರು ಸಾಲು. ನಿನಗೂ ನನ್ನ ಮೇಲೆ ಸಿಟ್ಟು ಬಂದಿದೆ ಅಂತ ಆಯಿತು. ಬರಲಿ. ನಿನ್ನ ಹೊಲಿಗೆಯ ರೆಕ್ಕೆಯನ್ನು ಗೋಡೆಗೆ ಬಡಿದವನು ನಾನೇ ತಾನೇ.

ನಿನ್ನ ಟೇಪು ಒಂದು ಮೀಟರ್ ಅಂದರೆ ಒಂದು ಮೀಟರ್. ಅಳತೆಯಲ್ಲಿ ನೀನು ತಪ್ಪಿದ್ದನ್ನು ನಾನು ಕಂಡಿಲ್ಲ. ಅಂದಮೇಲೆ ತಪ್ಪು ಎಲ್ಲಿದೆ ಅಂತ ಗೊತ್ತಾಯಿತು.

ಭಾವನದ್ದನ್ನು ಬಿಟ್ಟು ಈ ಮೇಜಿನಿಂದ ಹೊರಗೆ ಹೋದ ಹಸಿರು ಚುಕ್ಕೆಗಳು ಮೂವತ್ತಾರು. ಇನ್ನೂ ಗೋದಾಮಿನಲ್ಲೇ ಇದ್ದ ಹನ್ನೊಂದನ್ನು ವಾಪಸ್ ತರಿಸಿ ಮತ್ತೆ ಮತ್ತೆ ನೋಡಿದೆ. ಸೂಜಿ ಏರುತ್ತದೆ, ನಾನು ಕೈ ತಡೆಯುತ್ತೇನೆ, ಸರಿಯಾಗಿದೆ ಅನ್ನಿಸುತ್ತದೆ. ಒಂದು ಲೋಟ ನೀರು ಕುಡಿದು ಬಂದು ನೋಡಿದರೆ ಸರಿಯಿಲ್ಲ ಅನ್ನಿಸುತ್ತದೆ. ಮತ್ತೆ ತಿರುಗಿಸುತ್ತೇನೆ. ಹೀಗೆ ಒಂದೇ ತಿರುಪನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತಿರುಗಿಸಿ, ಕೊನೆಗೆ ಅದರ ತಲೆಯೇ ಸವೆದುಹೋಯಿತು. ಪಕ್ಕದ ಮೇಜಿನ ಹಳದಿ ಚುಕ್ಕೆಯವರು ನನ್ನ ಕೈಯಿಂದ ಕಡ್ಡಿ ಕಿತ್ತುಕೊಂಡು, "ಹೋಗಿ ಒಂದು ಸುತ್ತು ತಿರುಗಾಡ್ಕೊಂಡು ಬಾರಪ್ಪ, ನಿನ್ನ ನೋಡಿ ನನ್ನ ಸೂಜಿನೂ ನಡುಗ್ತಾ ಇದೆ" ಅಂದರು. ತಿರುಗಾಡಲು ಹೋದರೆ ಅಲ್ಲೂ ಹೆಜ್ಜೆ ಎಣಿಕೆ.

ಉಳಿದ ಇಪ್ಪತ್ತೈದು ಎಲ್ಲೆಲ್ಲಿ ಹಾರುತ್ತಿವೆಯೋ. ಯಾರ ತಲೆಯ ಮೇಲೆ ಹಾರುತ್ತಿವೆಯೋ. ಅನ್ನ ಬಾಯಿಗೆ ಇಡುವಾಗ ಅದೇ ನೆನಪಾಗುತ್ತದೆ.

ಬರೆ ಅಕ್ಕ. ಬೈಯುವುದಾದರೂ ಸರಿ, ಎರಡು ಕಡೆ ಬೈ.

&nbsp;

ಮಾರ್ಚ್ 25

ತಮ್ಮ,

ಯಾಕೋ ಇಷ್ಟು ಮೈಮೇಲೆ ಹಾಕಿಕೊಳ್ಳುತ್ತೀಯ? ಒಂದು ಡಬ್ಬಿ ಕೆಟ್ಟರೆ ಜಗತ್ತು ಮುಳುಗುತ್ತದೆಯೇ? ನಾನೂ ಎಷ್ಟೋ ಅಂಗಿಯ ತೋಳು ಗಿಡ್ಡ ಮಾಡಿ ಕೊಟ್ಟಿದ್ದೇನೆ. ಪ್ಯಾಕಿಂಗ್ ಕೆಲಸವೇನು ಕೆಟ್ಟದ್ದಲ್ಲ, ನಿಂತುಕೊಂಡು ಮಾಡಬಹುದು, ನಿನಗೆ ಕೂರುವ ಕಷ್ಟ ತಪ್ಪುತ್ತದೆ. ಇಲ್ಲವಾದರೆ ಅದನ್ನೆಲ್ಲ ಬಿಟ್ಟು ಇಲ್ಲಿಗೆ ಬಾ. ರೇಡಿಯೊ ರಿಪೇರಿ ಅಂಗಡಿ ಹಾಕಬಹುದು, ಬೀದಿಯ ಮೂಲೆಯಲ್ಲಿ ಜಾಗ ಖಾಲಿ ಇದೆ.

ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ಒಂದು ಚೂರೂ ಇಲ್ಲ. ಅದನ್ನು ಮಾತ್ರ ನಂಬು.

ಅಕ್ಕ

&nbsp;

ಮಾರ್ಚ್ 29

ಅಕ್ಕ,

'ನಿಂತುಕೊಂಡು ಮಾಡಬಹುದು' ಅಂತ ಬರೆದೆಯಲ್ಲ, ಓದಿ ಬಹಳ ಹೊತ್ತು ಬಾಗಿಲ ಬಳಿಯೇ ನಿಂತಿದ್ದೆ. ನನ್ನ ಕೈಯಲ್ಲಿ ಏನೂ ಇಲ್ಲ ಅಂತ ನಿನಗೂ ಅನ್ನಿಸಿದೆ ಅಂತ ಅರ್ಥ ಮಾಡಿಕೊಂಡೆ. ಬೇರೆ ಯಾರು ಅಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಇವತ್ತು ಮೇಸ್ತ್ರಿಯ ಮುಂದೆ ಹೋಗಿ ನಾನೇ ಹೇಳಿದೆ: ತಂತಿ ಸರಿಯಾಗಿದೆಯಂತೆ, ತಪ್ಪು ನನ್ನ ಕೈಯದು. ಅವರು ಕನ್ನಡಕ ತೆಗೆದು ಒರೆಸುತ್ತಾ, "ನಂಗೆ ಹಾಗನ್ನಿಸ್ತಿಲ್ಲ. ಆದ್ರೆ ನೀನೇ ಹೇಳ್ತಿದ್ದೀಯ" ಅಂದರು. ಸೋಮವಾರದಿಂದ ಪ್ಯಾಕಿಂಗ್. ಮೇಜು ಖಾಲಿ ಮಾಡಿದೆ. ಮೀಟರು, ಕಡ್ಡಿಗಳು, ಹಸಿರು ಬಣ್ಣದ ಸೀಸೆ, ಎಲ್ಲ ಒಪ್ಪಿಸಿದೆ. ನಿನ್ನ ಸೂಜಿದಿಂಬನ್ನು ಮಾತ್ರ ಜೇಬಿನಲ್ಲಿ ಹಾಕಿಕೊಂಡು ಬಂದೆ. ಕಾರ್ಖಾನೆಯದಲ್ಲದ್ದು ಅಂತ ಇದ್ದದ್ದು ಅದೊಂದೇ.

ಭಾವನಿಗೆ ಹೇಳು, ಅವರು ಅಂದದ್ದು ನಿಜ. ಕಿವುಡು ಡಬ್ಬಿಯೇ.

&nbsp;

ಏಪ್ರಿಲ್ 3

ತಮ್ಮ,

ಈ ಪತ್ರವನ್ನು ನಾಲ್ಕು ಸಲ ಶುರುಮಾಡಿ ಹರಿದಿದ್ದೇನೆ. ಇದು ಐದನೆಯದು, ಹರಿಯುವುದಿಲ್ಲ.

ನಾನು ಸುಳ್ಳು ಬರೆದೆ. ತಂತಿ ಒಂದು ಮೀಟರ್ ಇರಲಿಲ್ಲ. ಎಪ್ಪತ್ತಮೂರು ಸೆಂಟಿಮೀಟರ್ ಇತ್ತು. ಮೂರು ಸಲ ಅಳೆದೆ. ಉಳಿದದ್ದನ್ನು ಕತ್ತರಿಸಿದವಳು ನಾನೇ.

ಬಾಲದಿಂದ ಕಪ್ಪು ದಾರ ಇಳಿಬಿದ್ದಿದೆ ಅಂತ ಕತ್ತರಿಸಿದೆ. ಆಂಟೆನಾ ಅಂದರೆ ರೇಡಿಯೊದ ಮೇಲೆ ನಿಲ್ಲುವ ಹೊಳೆಯುವ ಕಡ್ಡಿ ಅಂತಲೇ ನಾನು ತಿಳಿದಿದ್ದೆ. ದಾರದಂಥ ಆಂಟೆನಾ ಇರುತ್ತದೆ ಅಂತ ನನಗೆ ಯಾರು ಹೇಳಿದ್ದರು? ಇದು ನಾನು ನನಗೆ ಹೇಳಿಕೊಳ್ಳುವ ಸಮಾಧಾನ. ಪೂರ್ತಿ ನಿಜವಲ್ಲ. ಪೂರ್ತಿ ನಿಜ ಏನೆಂದರೆ, ಕತ್ತರಿಗೆ ಗೊತ್ತಾಗಿತ್ತು. ದಾರ ಕತ್ತರಿಸಿದರೆ ಸದ್ದೇ ಬರುವುದಿಲ್ಲ. ಅವತ್ತು 'ಕಟ್' ಅಂತ ಬಂತು. ಮೂವತ್ತು ವರ್ಷ ಕತ್ತರಿ ಹಿಡಿದ ಕೈ, ಒಂದು ಗಳಿಗೆ ನಿಂತಿತು. ಬಣ್ಣ ತಾಗಿ ದಾರ ಗಟ್ಟಿಯಾಗಿರಬೇಕು ಅಂದುಕೊಂಡು, ಆ ಚೂರನ್ನು ಚೂರಿನ ಡಬ್ಬಿಗೆ ಹಾಕಿದೆ. ಕೇಳಬಹುದಿತ್ತು. ಸಾಯಂಕಾಲ ನಿನ್ನ ಭಾವ ಬಂದಾಗ ಒಂದು ಮಾತು ಕೇಳಬಹುದಿತ್ತು.

ನಿನ್ನ ಪತ್ರ ಬಂದ ದಿನ ಟೇಪು ಹಿಡಿದು ನೆಲದ ಮೇಲೆ ಕೂತಿದ್ದೆ. ಎಪ್ಪತ್ತಮೂರು ಅಂತ ಬರೆಯಲು ಪೆನ್ನು ತೆಗೆದಾಗ ಇವರು ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದರು. ಎರಡು ಚಳಿಗಾಲ, ಆ ಗೋಣಿಚೀಲ, ಆ ಮುದುಕರ ಬೈಗುಳ, ಎಲ್ಲ ನನ್ನ ಒಂದು ಕತ್ತರಿಯಿಂದ ಅಂತ ಗೊತ್ತಾದರೆ ಅವರು ನನ್ನನ್ನು ನೋಡುವ ನೋಟ ನೆನೆದು ಹೆದರಿದೆ. ನೀನು ಹೇಗಾದರೂ ಸಂಭಾಳಿಸಿಕೊಳ್ಳುತ್ತೀಯ, ಅಕ್ಕನನ್ನು ಬಿಟ್ಟುಕೊಡುವುದಿಲ್ಲ, ನಿಜ ಗೊತ್ತಾದರೂ ಬಿಟ್ಟುಕೊಡುವುದಿಲ್ಲ ಅಂತ ಲೆಕ್ಕ ಹಾಕಿದೆ. ಅಷ್ಟು ಕೆಟ್ಟವಳು ನಾನು. ನೀನು ಹೋಗಿ ನನ್ನ ಸುಳ್ಳಿನ ಮೇಲೆ ತಲೆ ಬಗ್ಗಿಸಿ ನಿಂತೆ.

ನೆನ್ನೆ ಇವರಿಗೆ ಹೇಳಿದೆ. ಕೂಗಾಡಲಿಲ್ಲ. ಗೋಣಿಚೀಲವನ್ನು ಹತ್ತಿರ ಎಳೆದುಕೊಂಡು, "ಹೆಜ್ಜೆ ಪರೀಕ್ಷೆ ನಾನು ಮಾಡ್ಲಿಲ್ಲ ಕಣೆ" ಅಂದರು. "ಎಲ್ಲರೂ ಕಾಯ್ತಾ ಕೂತಿದ್ರು, ನಾಚಿಕೆ ಆಯ್ತು. ಮಾಡಿದ್ರೆ ಅಲ್ಲೇ ಗೊತ್ತಾಗ್ತಿತ್ತು." ಕಾರ್ಯದರ್ಶಿಯ ಹತ್ತಿರ ಹೋಗಿ ಅವರೇ ಹೇಳಿ ಬಂದಿದ್ದಾರೆ.

ನಿನ್ನ ಮೇಸ್ತ್ರಿಗೆ ಬೇರೆ ಪತ್ರ ಬರೆದಿದ್ದೇನೆ, ಅದರ ಜೊತೆ ಡಬ್ಬಿಯನ್ನೂ ತಂತಿಯನ್ನೂ ಪಾರ್ಸೆಲ್ ಮಾಡಿದ್ದೇನೆ. ಕತ್ತರಿಸಿದ ಚೂರನ್ನು ಕಳಿಸಬೇಕಾಗಿಲ್ಲ. ಅದು ಇಷ್ಟು ದಿನವೂ ನಿನ್ನ ಹತ್ತಿರವೇ ಇದೆ. ಸೂಜಿದಿಂಬಿನ ಹೊಲಿಗೆ ಬಿಚ್ಚು.

ಅಕ್ಕ

&nbsp;

ಏಪ್ರಿಲ್ 10

ಬಿಚ್ಚಿದೆ. ಇಪ್ಪತ್ತೇಳು ಸೆಂಟಿಮೀಟರ್. ನಿನ್ನ ಎಪ್ಪತ್ತಮೂರಕ್ಕೆ ಕೂಡಿಸಿದರೆ ನೂರು.

ಸಿಟ್ಟು ಬಂದಿದೆ. ಕತ್ತರಿಸಿದ್ದಕ್ಕಲ್ಲ. 'ಒಂದು ಮೀಟರ್ ಇದೆ' ಅಂತ ಬರೆದೆಯಲ್ಲ, ಆ ಮೂರು ಪದಕ್ಕೆ. ಮೂರು ವಾರ ನನ್ನ ಕೈಯನ್ನು ಕಂಡರೆ ನನಗೇ ಭಯವಾಗುತ್ತಿತ್ತು, ಅಕ್ಕ. ತಪ್ಪಿತಸ್ಥ ತಂತಿ ಒಂದು ಗೇಣು ದೂರದಲ್ಲಿ ದಿಂಬಿನೊಳಗೆ ಮಲಗಿತ್ತು, ನಾನು ಅದರ ಮೇಲೆ ಕಡ್ಡಿ ಚುಚ್ಚಿಡುತ್ತಿದ್ದೆ.

ಇನ್ನು ಬರೆದರೆ ಬೇಡದ ಮಾತು ಬರುತ್ತದೆ.

&nbsp;

ಏಪ್ರಿಲ್ 24

ಅಕ್ಕ,

ಸ್ವಲ್ಪ ಆರಿದ್ದೇನೆ. ಪೂರ್ತಿ ಅಲ್ಲ.

ಮೇಸ್ತ್ರಿ ನಿನ್ನ ಪತ್ರ ಓದಿ ನನ್ನನ್ನು ಪ್ಯಾಕಿಂಗ್‌ನಿಂದ ಕರೆಸಿದರು. ಡಬ್ಬಿಯನ್ನು ಪರೀಕ್ಷೆಗೆ ಇಟ್ಟರು. ನೀನು ಬಿಟ್ಟ ಎಪ್ಪತ್ತಮೂರರಲ್ಲಿ ಹನ್ನೊಂದು ಹೆಜ್ಜೆಗೇ ಚುಕ್ಕಾಣಿ ನಡುಗಿತು. ಇಪ್ಪತ್ತೇಳನ್ನು ತಾತ್ಕಾಲಿಕವಾಗಿ ಜೋಡಿಸಿದರು, ಮೂವತ್ತೆಂಟರವರೆಗೆ ಕಲ್ಲಿನ ಹಾಗೆ ನಿಂತಿತು. "ಕೈ ಸರಿಯಾಗೇ ಇದೆ" ಅಂದರು ಮೇಸ್ತ್ರಿ. "ಸರಿ ಇಲ್ಲದ್ದು ನಿನ್ನ ಬಾಯಿ. ಮಾಡದ ತಪ್ಪನ್ನ ಯಾಕಪ್ಪ ಒಪ್ಕೊಂಡೆ?"

ಇಷ್ಟಾದರೂ ಮೇಜು ಸುಮ್ಮನೆ ಸಿಗಲಿಲ್ಲ. ತನ್ನ ಕೈಯನ್ನು ತಾನೇ ನಂಬದವನನ್ನು ಕೂರಿಸುವುದು ಹೇಗೆ ಅಂತ ಅವರ ಪ್ರಶ್ನೆ. ಅದಕ್ಕೊಂದು ಷರತ್ತು ಹಾಕಿದರು. ಇದೇ ಡಬ್ಬಿಯನ್ನು, ಬೆಸುಗೆ ಹಾಕದೆ, ಗಿಡ್ಡ ತಂತಿಗೇ ಹೊಸದಾಗಿ ಟ್ಯೂನ್ ಮಾಡಬೇಕು. ಭಾವನ ವಿಮಾನವನ್ನು ಮತ್ತೆ ಕೂಡಿಸಿ, ಅದರೊಳಗೆ ಇದನ್ನು ಕೂರಿಸಿ ಅಲ್ಲೇ ಹೆಜ್ಜೆ ಪರೀಕ್ಷೆ ಮಾಡಬೇಕು. ಮೂವತ್ತು ಬಂದರೆ ಮೇಜು ನನ್ನದು. ಯಾರು ಎಣಿಸುತ್ತಾರೆ ಅಂತ ಕೇಳಿದೆ. "ನಿಮ್ಮಕ್ಕ. ಅಳೆದು ಸುಳ್ಳು ಬರೆದೋರು ಅಳೆದು ನಿಜ ಬರೀಲಿ" ಅಂದರು. ಮನುಷ್ಯ ನಗುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

ಟ್ಯೂನ್ ಮಾಡಿದೆ. ಎರಡು ಗಂಟೆ ಒಂದೇ ಕಡೆ ಕೂತಿದ್ದೆ, ನಂಬು. ಸೂಜಿ ಏರಿತು, ಕೈ ತಡೆದೆ, ಮತ್ತೆ ಮುಟ್ಟಲಿಲ್ಲ. ನೀನು ಕತ್ತರಿಸಿದ ಉದ್ದಕ್ಕೇ ಅದು ಈಗ ಕಿವಿ ಕೊಡುತ್ತದೆ.

ಡಬ್ಬಿಯನ್ನು ವಾಪಸ್ ಕಳಿಸುತ್ತಿದ್ದೇನೆ, ಈ ಸಲ ಚೀಟಿಯನ್ನು ನಿನಗೇ ಬರೆದಿದ್ದೇನೆ. ಮೊದಲ ಸಲ ಮಾಡಿದ ತಪ್ಪು ಅದು. ರೆಕ್ಕೆ ಹೊಲಿದವಳು ನೀನು, ಚೀಟಿ ಭಾವನಿಗೆ. ನೀನು ಓದಬೇಕಾಗಿಲ್ಲ ಅಂತ ಬೇರೆ ಬರೆದೆ. ದಾರ ಕತ್ತರಿಸಿದೆ ಅಂತ ನೀನು ಬರೆದದ್ದನ್ನು ನಾನೂ ಓದಿ, ನಕ್ಕು, ಮಡಿಸಿಟ್ಟೆ.

ಒಂದು ಹೆಜ್ಜೆ ಅಂದರೆ ಎಪ್ಪತ್ತೈದು ಸೆಂಟಿಮೀಟರ್. ಎಷ್ಟು ಬಂದರೆ ಅಷ್ಟೇ ಬರೆ.

ತಮ್ಮ

&nbsp;

ಮೇ 5

ತಮ್ಮ,

ವಿಮಾನ ಮತ್ತೆ ವಿಮಾನದ ಹಾಗೆ ಕಾಣುತ್ತಿದೆ. ಇವರು ಅಂಟು ಪಟ್ಟಿ ಹಾಕಿ ಕೂಡಿಸಿದರು, ರೆಕ್ಕೆಗೆ ನಾನು ಹೊಸ ಬಟ್ಟೆ ಹೊಲಿದೆ. ಬಿಳಿ ದಾರದಲ್ಲಿ ಹೊಲಿದೆ. ಇನ್ನು ಮುಂದೆ ಈ ಮನೆಯಲ್ಲಿ ವಿಮಾನಕ್ಕೆ ಕಪ್ಪು ದಾರ ಇಲ್ಲ.

ಇವತ್ತು ಬೆಳಿಗ್ಗೆ ಮೈದಾನಕ್ಕೆ ಹೋದೆವು. ನನ್ನ ಹೆಜ್ಜೆ ಗಿಡ್ಡ, ಇವರದು ಉದ್ದ, ಎರಡನ್ನೂ ನಂಬುವ ಹಾಗಿಲ್ಲ. ಟೇಪು ಹಾಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಎಪ್ಪತ್ತೈದಕ್ಕೊಂದು ಗೆರೆ ಎಳೆದೆ. ಇವರು ಕಡ್ಡಿ ಒಳಕ್ಕೆ ತಳ್ಳಿದ ಟ್ರಾನ್ಸ್‌ಮಿಟರ್ ಹಿಡಿದು ಗೆರೆಯಿಂದ ಗೆರೆಗೆ ಹಿಂದಕ್ಕೆ ಸರಿದರು. ನಾನು ವಿಮಾನದ ಪಕ್ಕ ಮೊಣಕಾಲೂರಿ ಬಾಲವನ್ನೇ ನೋಡುತ್ತಾ ಕೂಗುತ್ತಿದ್ದೆ. ಹತ್ತು, ಸರಿ. ಹನ್ನೊಂದು, ಸರಿ. ನಿಮ್ಮ ಪರೀಕ್ಷೆಯಲ್ಲಿ ಅದು ನಡುಗಿದ್ದು ಅಲ್ಲೇ ಅಲ್ಲವೇ. ಇಪ್ಪತ್ತು, ಸರಿ. ಇಪ್ಪತ್ತೈದು. ಇಪ್ಪತ್ತೆಂಟು. ಇಪ್ಪತ್ತೊಂಬತ್ತಕ್ಕೂ ನಿಂತಿತು. ಮೂವತ್ತಕ್ಕೆ ಚುಕ್ಕಾಣಿ ನಡುಗಿತು.

ಮತ್ತೆ ಮಾಡಿದೆವು. ಮೂರು ಸಲ ಮಾಡಿದೆವು. ಮೂರು ಸಲವೂ ಮೂವತ್ತಕ್ಕೆ ನಡುಕ.

ಇವರು ಅಂದರು, "ಮೂವತ್ತು ಅಂತ ಬರಿಯೇ. ಒಂದು ಹೆಜ್ಜೆಗೆ ಏನಾಗುತ್ತೆ? ಪಾಪ, ಹುಡುಗನ ಮೇಜು." ಮನೆಗೆ ಬಂದು ಪೆನ್ನು ಹಿಡಿದು ಕೂತೆ. ಎದ್ದೆ. ಪಾತ್ರೆ ತೊಳೆದೆ. ಮತ್ತೆ ಕೂತೆ. ನಿನ್ನ ಮೇಜು ನನ್ನ ಪೆನ್ನಿನ ತುದಿಯಲ್ಲಿದೆ ಅಂತ ಗೊತ್ತಿದ್ದೂ, ಆ ಅಂಕಿ ನನ್ನ ಕೈಯಿಂದ ಬರಲಿಲ್ಲ.

ಇಪ್ಪತ್ತೊಂಬತ್ತು. ಮೇಸ್ತ್ರಿಗೆ ತೋರಿಸು.

ಕ್ಷಮಿಸು ಅಂತ ಕೇಳುವುದಿಲ್ಲ. ನೀನಾಗಿ ಬರೆಯುವವರೆಗೆ ಕಾಯುತ್ತೇನೆ.

ಅಕ್ಕ

&nbsp;

ಮೇ 12

ಅಕ್ಕ,

ಕಾರ್ಡಿನಲ್ಲಿ ಜಾಗ ಕಡಿಮೆ, ಬಿಡುವೂ ಕಡಿಮೆ. ಮೇಸ್ತ್ರಿ ನಿನ್ನ ಪತ್ರವನ್ನು ಎರಡು ಸಲ ಓದಿದರು. ನಾನು ಎದುರಿಗೆ ಕಾಲು ಬದಲಿಸುತ್ತಾ ನಿಂತಿದ್ದೆ. "ಗಿಡ್ಡ ತಂತಿಲಿ ಎಷ್ಟೇ ಟ್ಯೂನ್ ಮಾಡಿದ್ರೂ ಪೂರ್ತಿ ದೂರ ವಾಪಸ್ ಬರಲ್ಲ. ಮೂವತ್ತು ಅಂತ ಬರೆದಿದ್ರೆ ನಾನು ನಂಬ್ತಿರ್ಲಿಲ್ಲ" ಅಂದು ಹಸಿರು ಬಣ್ಣದ ಸೀಸೆಯನ್ನು ನನ್ನ ಕಡೆ ತಳ್ಳಿದರು.

ಕಿಟಕಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಭಾವನಿಗೆ ಹೊಸ ತಂತಿ ಹಾಕಿದ ರಿಸೀವರ್ ಕಳಿಸುತ್ತೇನೆ, ಅಲ್ಲಿಯವರೆಗೆ ಹಾರಿಸದೆ ಇರಲಿ. ಹೋದ ಆ ಒಂದು ಹೆಜ್ಜೆ ಹೋಗಲಿ ಬಿಡು.

ಸೂಜಿದಿಂಬಿನ ಹೊಟ್ಟೆ ಸೊರಗಿದೆ, ಕಡ್ಡಿಗಳು ನಿಲ್ಲುತ್ತಿಲ್ಲ. ಒಂದಿಷ್ಟು ಚೂರು ಕಳಿಸು. ದಾರದ್ದು ಮಾತ್ರ.

ನಿನ್ನ ಪಾದರಸ